ಹೊಳೆಯ ಲೆಕ್ಕ ಇಟ್ಟ ಎಂಜಿನಿಯರ್: ಪ್ರವಾಹದ ಎದುರು ಸರ್ ಎಂ.ವಿ.

ಕೇಶ್ವಾಪುರ: ಸೆಪ್ಟೆಂಬರ್ 15 ಬಂತಂದ್ರೆ ಹುಬ್ಬಳ್ಳಿ-ಧಾರವಾಡದ ಕಾಲೇಜು, ಕಚೇರಿಗಳಲ್ಲಿ ಮೈಸೂರು ಪೇಟ ಸುತ್ತಿದ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊಕ್ಕೆ ಹಾರ ಬೀಳುತ್ತದೆ. ಭಾಷಣದಾಗ ಕನ್ನಂಬಾಡಿ ಕಟ್ಟೆ ಬರ್ತದ, ಭದ್ರಾವತಿ ಕಾರ್ಖಾನೆ ಬರ್ತದ, ಮೈಸೂರು ಸ್ಯಾಂಡಲ್ ಸೋಪು ಬರ್ತದ. ಚಹಾ ಕುಡಿದು ಎಲ್ಲರೂ ಮನೆಗೆ. ಆದರೆ ಅವರ ಬದುಕಿನ ಇನ್ನೊಂದು ಎಳೆ ನಮ್ಮ ಕಡೆಯವರಿಗೆ ಹೆಚ್ಚು ಹತ್ತಿರದ್ದು. ಜೋರು ಮಳೆ ಬಂದಾಗ ಕೆರೆ ಒಡೆಯದಂತೆ, ಹೊಳೆ ಊರೊಳಗೆ ನುಗ್ಗದಂತೆ ನೋಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಅವರನ್ನು ನೌಕರಿಯ ಮೊದಲ ವರ್ಷಗಳಿಂದ ಎಂಬತ್ತರ ಹತ್ತಿರದ ವಯಸ್ಸಿನವರೆಗೂ ಬಿಡಲಿಲ್ಲ.

ಇನ್ನೊಂದು ಮಾತು. ವಿಶ್ವೇಶ್ವರಯ್ಯನವರು ಮೈಸೂರು ಸೀಮೆಯವರು ಖರೆ, ಆದರೆ ಅವರ ಸರಕಾರಿ ನೌಕರಿಯ ಬಹುಭಾಗ ಕಳೆದದ್ದು ಮುಂಬಯಿ ಪ್ರಾಂತ್ಯದಲ್ಲಿ. ಧಾರವಾಡ ಜಿಲ್ಲೆ ಆಗ ಅದೇ ಪ್ರಾಂತ್ಯಕ್ಕೆ ಸೇರಿತ್ತು. ಅಂದರೆ ಮೈಸೂರಿನ ದಿವಾನರಾಗುವ ಮೊದಲು ಅವರು ನಮ್ಮ ಸರಕಾರದ ಎಂಜಿನಿಯರ್ ಆಗಿದ್ದರು. ಧಾರವಾಡ, ವಿಜಯಪುರ ಪಟ್ಟಣಗಳ ಕುಡಿಯುವ ನೀರಿನ ಯೋಜನೆಗಳಲ್ಲೂ ಅವರ ಕೈ ಇತ್ತು.

ನಮ್ಮೂರಿನ ನೀರಿನ ಹಾದಿ

ಹುಬ್ಬಳ್ಳಿಗೂ ಪ್ರವಾಹಕ್ಕೂ ಏನು ಸಂಬಂಧ ಅಂತ ಹೊರಗಿನವರು ಕೇಳಬಹುದು. ಸಮುದ್ರ ದೂರ, ದೊಡ್ಡ ನದಿ ಇಲ್ಲ. ಇಲ್ಲಿಯವರಿಗೆ ಗೊತ್ತೇ ಐತಿ. ಉಣಕಲ್ ಕೆರೆ ಕೋಡಿ ಬಿದ್ದರೆ ನಾಲಾ ಪಕ್ಕದ ಬಡಾವಣೆಗಳವರಿಗೆ ರಾತ್ರಿ ನಿದ್ದಿಲ್ಲ. 2019ರ ಆಗಸ್ಟ್ ಮಳೆಯನ್ನು ಯಾರೂ ಮರೆತಿಲ್ಲ. ನವಲಗುಂದ ಕಡೆ ಬೆಣ್ಣಿಹಳ್ಳ, ತುಪ್ಪರಿಹಳ್ಳ ತುಂಬಿದರೆ ಎರಿ ಹೊಲ ಹೋಯ್ತು, ರಸ್ತೆ ಹೋಯ್ತು, ಬಸ್ ನಿಂತಿತು.

ನಮ್ಮ ಅವಳಿ ನಗರ ಒಂದು ನೀರದಿಣ್ಣೆಯ ಮೇಲೆ ಕೂತಿದೆ. ಬೆಣ್ಣಿಹಳ್ಳದ ನೀರು ಮಲಪ್ರಭೆ, ಕೃಷ್ಣೆಯ ಮೂಲಕ ಪೂರ್ವಕ್ಕೆ ಹೋಗಿ ಬಂಗಾಳ ಕೊಲ್ಲಿ ಸೇರುತ್ತದೆ. ಉಣಕಲ್ ನಾಲಾದ ನೀರು ಬೇಡ್ತಿ ಹಳ್ಳ ಹಿಡಿದು, ಧಾರವಾಡದ ಸೋಮೇಶ್ವರದಿಂದ ಬರುವ ಶಾಲ್ಮಲೆಯನ್ನು ಕಲಘಟಗಿ ಕಡೆ ಕೂಡಿಕೊಂಡು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಹೆಸರಿನಲ್ಲಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಅಲ್ಲಿ, ಅಂಕೋಲಾ-ಕುಮಟಾ ಕಡೆಯ ಅಳಿವೆಗಳಲ್ಲಿ, ಗಜನಿ ಗದ್ದೆಯವರು ಉಪ್ಪುನೀರು ಒಳಗೆ ಬರದಂತೆ ಕಟ್ಟೆ ಹಾಕಿಕೊಂಡು ತಲೆತಲಾಂತರದಿಂದ ಕಗ್ಗ ಭತ್ತ ಬೆಳೆದುಕೊಂಡು ಬಂದವರು. ಮಳೆಗಾಲ ಮುಗಿದರೆ ಕಟ್ಟೆಗೆ ಮಣ್ಣು, ಬಾಗಿಲಿಗೆ ಹೊಸ ಹಲಗೆ. ಒಂದು ವರ್ಷ ಬಿಟ್ಟರೆ ಏಡಿ ಕೊರೆದ ತೂತು ಮುಂದಿನ ವರ್ಷ ಕಂಡಿಯಾಗುತ್ತದೆ. ಮಂಗಳೂರು ಬಳಿಯ ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಹಾಕಿದ ಬಂಡೆಗಲ್ಲುಗಳೂ ಹಾಗೇ, ಅಲೆ ಅಡಿಯ ಮರಳನ್ನು ಎಳೆದುಕೊಂಡಂತೆ ಕುಸಿಯುತ್ತವೆ, ಮತ್ತೆ ತುಂಬಬೇಕು. ಕೆರೆ ಒಡ್ಡಾಗಲಿ ಕಡಲ ತಡೆಗೋಡೆಯಾಗಲಿ, ಒಮ್ಮೆ ಕಟ್ಟಿ ಕೈ ತೊಳೆದುಕೊಳ್ಳುವ ವಸ್ತು ಅಲ್ಲ. ವಿಶ್ವೇಶ್ವರಯ್ಯನವರು ಇದನ್ನು ಪುಸ್ತಕದಿಂದ ಕಲಿತದ್ದಕ್ಕಿಂತ ಹೊಳೆಯಿಂದ ಕಲಿತದ್ದು ಹೆಚ್ಚು.

ಮರಳು ಕಲಿಸಿದ ಮೊದಲ ಪಾಠ

ಹುಟ್ಟಿದ್ದು 1860ರಲ್ಲಿ, ಚಿಕ್ಕಬಳ್ಳಾಪುರ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ಮನೆಯಲ್ಲಿ ವಿದ್ಯೆ ಇತ್ತು, ದುಡ್ಡು ಇರಲಿಲ್ಲ. ಹುಡುಗ ಇನ್ನೂ ಹೈಸ್ಕೂಲಿನಲ್ಲಿದ್ದಾಗಲೇ ತಂದೆ ತೀರಿಹೋದರು. ಬೆಂಗಳೂರಿನಲ್ಲಿ ಪಾಠ ಹೇಳಿ ಓದಿದರು, ಸೆಂಟ್ರಲ್ ಕಾಲೇಜಿನಿಂದ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿ, 1883ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದರು. ಮರುವರ್ಷ, 1884ರಲ್ಲಿ, ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟಂಟ್ ಎಂಜಿನಿಯರ್.

ಮೊದಲ ಕೆಲಸಗಳಲ್ಲಿ ಒಂದು ಖಾನದೇಶದಲ್ಲಿ ಸಿಕ್ಕಿತು, ಈಗಿನ ಮಹಾರಾಷ್ಟ್ರದ ಧುಳೆ ಕಡೆ. ಪಾಂಝ್ರಾ ಎಂಬ ಹೊಳೆಗೆ ಅಡ್ಡವಾಗಿ ಪೈಪಿನಲ್ಲಿ ನೀರು ದಾಟಿಸಬೇಕಿತ್ತು. ಮಳೆಗಾಲ ಬಂತು. ಅಗೆದ ಜಾಗಕ್ಕೆ ಹೊಳೆ ಮರಳು ತಂದು ತುಂಬಿತು. ತೆಗೆದರೆ ಮತ್ತೆ ತುಂಬಿತು. ನೀರು ಇಳಿಯುವವರೆಗೆ ಕೆಲಸ ನಿಲ್ಲಿಸೋಣ ಅಂತ ಹುಡುಗ ಎಂಜಿನಿಯರ್ ಬರೆದು ಕಳಿಸಿದರು. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ, ಕೆಲಸಗಳ್ಳತನದಂತೆ ಕಂಡಿತು. ಸರಿ ಅಂತ ಹಟ ಹಿಡಿದು ಕೆಲಸ ಮುಗಿಸಿಯೇ ಬಿಟ್ಟರು. ಆಮೇಲೆ ಅದೇ ಅಧಿಕಾರಿಯಿಂದ ಮೆಚ್ಚುಗೆ ಬಂತು. ಅವರ ಜೀವನ ಚರಿತ್ರೆ ಬರೆಯುವವರು ಇದನ್ನು ಛಲದ ಕಥೆಯಾಗಿ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಹೊಳೆ ತಾನು ತರುವ ಮರಳಿನೊಂದಿಗೇ ಬರುತ್ತದೆ, ಅದರ ಲೆಕ್ಕ ಬಿಟ್ಟು ಬರೀ ನೀರಿನ ಲೆಕ್ಕ ಹಾಕಿದರೆ ಕೆಲಸ ಕೆಡುತ್ತದೆ ಎಂಬುದು ಇಪ್ಪತ್ತೈದರ ಆಸುಪಾಸಿನಲ್ಲೇ ಅವರ ಅನುಭವಕ್ಕೆ ಬಂತು.

ಹತ್ತು ವರ್ಷದ ಮೇಲೆ ಸಿಂಧ್ ಪ್ರಾಂತ್ಯದ ಸಕ್ಕರ್ ಊರಿಗೆ ನೀರು ಕೊಡುವಾಗ ಇದೇ ಮರಳನ್ನು ಕೆಲಸಕ್ಕೆ ಹಚ್ಚಿಕೊಂಡರು. ಸಿಂಧೂ ನದಿಯ ಕೆಸರು ನೀರು ನದಿಯ ಮರಳಿನಲ್ಲೇ ಸೋಸಿ ಬಾವಿಗೆ ಇಳಿಯುವಂತೆ ಮಾಡಿದರು. ದೊಡ್ಡ ದೊಡ್ಡ ಸೋಸುವ ತೊಟ್ಟಿಗಳ ಖರ್ಚು ಉಳಿಯಿತು.

ಪುಣೆಯ ಗೇಟು

ಪುಣೆ ಹತ್ತಿರದ ಖಡಕವಾಸ್ಲಾ ಜಲಾಶಯದಲ್ಲಿ ಅವರು ಮಾಡಿದ್ದು ಹೆಚ್ಚು ಹೆಸರಾಯಿತು. ಮಳೆಗಾಲದಲ್ಲಿ ಕೋಡಿ ಮೇಲೆ ಆರೆಂಟು ಅಡಿ ನೀರು ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ನೀರಿಗೆ ತತ್ವಾರ. ಅಣೆಕಟ್ಟು ಎತ್ತರಿಸುವುದು ಖರ್ಚಿನ ಬಾಬತ್ತು. ಕೋಡಿ ಮೇಲೆ ಗೋಡೆ ಏರಿಸಿದರೆ ದೊಡ್ಡ ಪ್ರವಾಹ ಬಂದ ದಿನ ಕಟ್ಟೆಗೇ ಕುತ್ತು. ಇದಕ್ಕೆ ವಿಶ್ವೇಶ್ವರಯ್ಯನವರು ತಾವಾಗಿಯೇ ತೆರೆದು ಮುಚ್ಚುವ ಗೇಟುಗಳನ್ನು ರೂಪಿಸಿದರು. ನೀರು ಗೊತ್ತುಮಾಡಿದ ಮಟ್ಟ ಮುಟ್ಟುವವರೆಗೆ ಗೇಟು ಮುಚ್ಚಿರುತ್ತದೆ. ದಾಟಿದರೆ ನೀರಿನ ಬಲದಿಂದಲೇ ತೆರೆದುಕೊಳ್ಳುತ್ತದೆ, ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ನಡುರಾತ್ರಿ ಪ್ರವಾಹ ಬಂದರೆ ಕಾವಲುಗಾರ ಎದ್ದಿರಲಿ, ಮಲಗಿರಲಿ, ಕಟ್ಟೆ ಉಳಿಯಿತು.

1903ರಲ್ಲಿ ಅವು ಕೆಲಸ ಶುರು ಮಾಡಿದವು. ಹಳೆಯ ಕೋಡಿಗಿಂತ ಸುಮಾರು ಎಂಟು ಅಡಿ ಹೆಚ್ಚು ನೀರು ನಿಂತಿತು. ಪೇಟೆಂಟ್ ಅವರ ಹೆಸರಿನಲ್ಲಿದ್ದರೂ ಸರಕಾರದಿಂದ ರಾಯಧನ ತೆಗೆದುಕೊಳ್ಳಲಿಲ್ಲ. ಗ್ವಾಲಿಯರ್ ಬಳಿಯ ತಿಗ್ರಾ ಅಣೆಕಟ್ಟಿಗೂ, ಆಮೇಲೆ ಕನ್ನಂಬಾಡಿಗೂ ಇದೇ ಬಗೆಯ ಗೇಟು ಹೋದವು.

ಮೂಸಿ ನದಿಯ ರಾತ್ರಿ

1908ರಲ್ಲಿ ಅವರು ಮುಂಬಯಿ ಸರಕಾರದ ಕೆಲಸ ಬಿಡಲು ನಿರ್ಧರಿಸಿ ವಿದೇಶ ಪ್ರವಾಸಕ್ಕೆ ಹೊರಟರು. ಅವರಿಗಿಂತ ಹಿರಿಯರು ಸಾಲಾಗಿ ಇದ್ದರು, ಭಾರತೀಯನಿಗೆ ಚೀಫ್ ಎಂಜಿನಿಯರ್ ಪದವಿ ಸಿಗುವ ಕಾಲವೂ ಅದಲ್ಲ. ಇಟಲಿಯಲ್ಲಿದ್ದಾಗ ಹೈದರಾಬಾದಿನ ನಿಜಾಮರ ಸರಕಾರದಿಂದ ಕರೆ ಬಂತು.

ಆಗಿದ್ದು ಇದು. ಆ ವರ್ಷ ಸೆಪ್ಟೆಂಬರ್ ಕೊನೆಯ ವಾರ ಹೈದರಾಬಾದಿನ ಮೇಲ್ಭಾಗದಲ್ಲಿ ಮಳೆ ಹಿಡಿಯಿತು. ಶಂಶಾಬಾದ್‌ನಲ್ಲಿ 24 ತಾಸಿಗೆ 12.8 ಇಂಚು, 48 ತಾಸಿಗೆ 18.9 ಇಂಚು. ಅಂದರೆ ಸುಮಾರು 480 ಮಿ.ಮೀ. ಹುಬ್ಬಳ್ಳಿಗೆ ಇಡೀ ವರ್ಷ ಬೀಳುವ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು, ಎರಡೇ ದಿನದಲ್ಲಿ. ಸೆಪ್ಟೆಂಬರ್ 28ರಂದು ಮೂಸಿ ನದಿ ಊರೊಳಗೆ ಬಂತು. ಸೇತುವೆಗಳಲ್ಲಿ ಪುರಾನಾಪುಲ್ ಒಂದನ್ನು ಬಿಟ್ಟು ಉಳಿದವು ಹೋದವು. ಸತ್ತವರು ಸುಮಾರು 15,000 ಅಂತ ಅಂದಾಜು. ಬಿದ್ದ ಮನೆಗಳು 19,000ದ ಹತ್ತಿರ. ಅಫ್ಜಲ್‌ಗಂಜ್ ಆಸ್ಪತ್ರೆಯ ಅಂಗಳದ ಹುಣಸಿ ಮರ ಹತ್ತಿ ಕೂತ ನೂರೈವತ್ತು ಮಂದಿ ಬದುಕಿದರು. ಆ ಮರ ಈಗಲೂ ಉಸ್ಮಾನಿಯಾ ಆಸ್ಪತ್ರೆ ಆವರಣದಲ್ಲಿದೆ.

ವಿಶ್ವೇಶ್ವರಯ್ಯನವರು 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದು ಕೆಲಸ ಹಿಡಿದರು. ಗೋಡೆ ಎಷ್ಟು ಎತ್ತರ ಕಟ್ಟಬೇಕು ಎಂಬುದರಿಂದ ಅವರು ಶುರು ಮಾಡಲಿಲ್ಲ. ಮೊದಲು ನೀರು ಎಲ್ಲಿಂದ, ಎಷ್ಟು, ಯಾವ ಹೊತ್ತಿಗೆ ಬಂತು ಎಂದು ಹುಡುಕಿದರು. ಮಳೆಮಾಪಕಗಳ ಲೆಕ್ಕ ತರಿಸಿದರು, ನೀರು ಏರಿದ ಗುರುತುಗಳನ್ನು ಅಳೆಸಿದರು, ನದಿಯ ಅಡ್ಡಕೊಯ್ತ ತೆಗೆಸಿದರು. ಊರು ದಾಟಿದ ಪ್ರವಾಹ ಸೆಕೆಂಡಿಗೆ 4,25,000 ಘನ ಅಡಿ ಎಂಬ ಲೆಕ್ಕ ಸಿಕ್ಕಿತು.

ಮೈ ಜುಮ್ಮೆನ್ನಿಸುವ ಸಂಖ್ಯೆ ಇನ್ನೊಂದಿದೆ. ಮೂಸಿಗೆ ನೀರು ಬರುವ ಪ್ರದೇಶದಲ್ಲಿ 788 ಕೆರೆಗಳಿದ್ದವು, ಹೆಚ್ಚುಕಡಿಮೆ ಚದರ ಮೈಲಿಗೊಂದು. ಅವುಗಳಲ್ಲಿ 221 ಕೆರೆಗಳು ಒಡೆದಿದ್ದವು. ಮೇಲಿನ ಕೆರೆ ಒಡೆದರೆ ಆ ನೀರು ಒಮ್ಮೆಲೇ ಕೆಳಗಿನ ಕೆರೆಗೆ ಬೀಳುತ್ತದೆ. ಅದು ಎಷ್ಟೇ ಗಟ್ಟಿ ಇರಲಿ, ಅಷ್ಟು ನೀರು ಹೋಗುವಷ್ಟು ಕೋಡಿ ಅದಕ್ಕಿಲ್ಲ. ಅದೂ ಒಡೆಯುತ್ತದೆ, ಅದರ ಕೆಳಗಿನದೂ. ಹಿಂಗ ಮಳೆಯ ನೀರಿನ ಮೇಲೆ ಕೆರೆಗಳ ನೀರೂ ಕೂಡಿ ಊರಿನ ಮೇಲೆ ಬಂತು.

ಮಣ್ಣಿನ ಒಡ್ಡು ಒಡೆಯುವ ಬಗೆ ನಮ್ಮ ಹಳ್ಳಿಯ ಹಿರಿಯರಿಗೆ ಗೊತ್ತಿರುವಂಥದ್ದೇ. ಒಡ್ಡಿನ ಮೇಲೆ ಚಕ್ಕಡಿ ಓಡಾಡಿ ಒಂದು ಕಡೆ ತಗ್ಗಾಗಿರುತ್ತದೆ, ನೀರು ಮೊದಲು ಅಲ್ಲೇ ದಾಟುತ್ತದೆ. ಗಿಡದ ಬೇರು ಕೊಳೆತು ಒಳಗೆ ಕೊಳವೆಯಾಗಿರುತ್ತದೆ. ಹೆಗ್ಗಣ, ಏಡಿ ಕೊರೆದ ಬಿಲ ಇರುತ್ತದೆ. ಕೋಡಿ ಮುಂದೆ ಜಾಲಿ ಬೆಳೆದು, ಹೂಳು ತುಂಬಿ, ನೀರು ಹೋಗುವ ಅಗಲ ಅರ್ಧ ಆಗಿರುತ್ತದೆ. ಇದರಲ್ಲಿ ಯಾವುದಕ್ಕೂ ದೊಡ್ಡ ಎಂಜಿನಿಯರ್ ಬೇಕಿಲ್ಲ. ಬೇಸಿಗೆಯಲ್ಲಿ ನಾಲ್ಕು ಆಳು, ಎರಡು ಗುದ್ದಲಿ, ಕಣ್ಣಿಟ್ಟು ನೋಡುವ ಒಬ್ಬ ಮನುಷ್ಯ ಸಾಕು. ಹಿಂದೆ ನಮ್ಮ ಕಡೆ ಕೆರೆಗೆ ನೀರಗಂಟಿ ಇರುತ್ತಿದ್ದದ್ದು ಇದಕ್ಕೇ.

ಅವರು 1909ರಲ್ಲೇ ಕೊಟ್ಟ ವರದಿಯ ತಿರುಳು ಹೇಳಲು ಸರಳ: ಊರೊಳಗೆ ಬರುವ ಮೊದಲೇ ನೀರನ್ನು ಮೇಲೆ ಹಿಡಿಯಬೇಕು. ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು, ಹೀಗೆ ಊರಿನ ಮೇಲ್ಗಡೆ ಎರಡು ದೊಡ್ಡ ಜಲಾಶಯ. ದೊಡ್ಡ ಮಳೆ ಬಂದಾಗ ಅವು ನೀರನ್ನು ಹಿಡಿದು, ನದಿಯ ಪಾತ್ರಕ್ಕೆ ತಾಳುವಷ್ಟನ್ನೇ ಬಿಡಬೇಕು. ಊರೊಳಗೆ ದಂಡೆಗಳನ್ನು ಎತ್ತರಿಸಿ, ಅಲ್ಲಿ ಮನೆ ಕಟ್ಟಲು ಬಿಡದೆ ಉದ್ಯಾನ, ಓಡಾಡುವ ಜಾಗ ಮಾಡಬೇಕು. ಕೊನೆಯ ಸಲಹೆ ನನಗೆ ಎಲ್ಲಕ್ಕಿಂತ ಜಾಣತನದ್ದು ಅನ್ನಿಸುತ್ತದೆ. ಖಾಲಿ ಬಿಟ್ಟ ದಂಡೆಯನ್ನು ಯಾರಾದರೂ ಹಿಡಿದೇ ಹಿಡಿಯುತ್ತಾರೆ. ಉದ್ಯಾನ ಮಾಡಿದರೆ ಊರಿನವರೇ ಕಾಯುತ್ತಾರೆ.

ಅವರು ಅಲ್ಲಿ ಉಳಿದು ಕಟ್ಟಲಿಲ್ಲ. ಕಟ್ಟಿದವರು ಅಲಿ ನವಾಜ್ ಜಂಗ್ ಅವರಂಥ ನಿಜಾಮ್ ಸರಕಾರದ ಎಂಜಿನಿಯರ್‌ಗಳು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಎಂ.ವಿ. ಒಬ್ಬರೇ ಹೈದರಾಬಾದ್ ಉಳಿಸಿದರು ಅಂತ ಇಲ್ಲಿ ಭಾಷಣ ಮಾಡುವವರು ಇದನ್ನೂ ಹೇಳಿದರೆ ಚೊಲೊ. ಈಗಲೂ ಮಳೆಗಾಲದಲ್ಲಿ ಆ ಎರಡು ಜಲಾಶಯಗಳ ಗೇಟು ತೆರೆದರೆ ಹೈದರಾಬಾದಿನ ಕೆಳಭಾಗಕ್ಕೆ ಎಚ್ಚರಿಕೆ ಹೋಗುತ್ತದೆ. ಆದರೆ 2020ರ ಅಕ್ಟೋಬರ್‌ನಲ್ಲಿ ಆ ಊರಿನ ಹಳೇ ಕೆರೆಗಳ ಒಡ್ಡು ಒಡೆದು ಬಡಾವಣೆಗಳು ಮುಳುಗಿದವು. ದೊಡ್ಡ ಜಲಾಶಯಗಳು ತಮ್ಮ ಕೆಲಸ ಮಾಡಿದರೂ, ಅವುಗಳ ಕೆಳಗಿನ ಸಣ್ಣ ಕೆರೆ, ಸಣ್ಣ ನಾಲಾಗಳ ಮೇಲೆ ಮನೆ ಎದ್ದಿದ್ದವು.

ನಮ್ಮ ನಾಲಾಗಳ ಕಥೆ ಇದಕ್ಕಿಂತ ಬೇರೆ ಏನಲ್ಲ. ಗಟಾರದ ಮೇಲೆ ಹಾಸುಗಲ್ಲು ಹಾಕಿ ಅಂಗಡಿ ಮೆಟ್ಟಿಲು ಮುಂದೆ ತಂದವರಲ್ಲಿ ನಾವೂ ನೀವೂ ಇದ್ದೇವೆ. ಕಲ್ಲು ಎತ್ತಿ ಹೂಳು ತೆಗೆಯಲು ಆಗದಿದ್ದರೆ ನೀರು ಶೆಟರ್ ಕೆಳಗಿಂದ ಒಳಗೆ ಬರುವುದು ಸಹಜ. ಅಕ್ಕಿ ಮೂಟೆ, ಬಟ್ಟೆ ಗಂಟು ತೋಯ್ದ ಮೇಲೆ ಪಾಲಿಕೆಗೆ ಬೈದರೆ ಅರ್ಧ ನ್ಯಾಯ ಮಾತ್ರ.

ದಿವಾನಗಿರಿ, ಕನ್ನಂಬಾಡಿ

1909ರ ಕೊನೆಗೆ ಮೈಸೂರಿನ ಚೀಫ್ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಈ ಭಾಗ ಎಲ್ಲರಿಗೂ ಗೊತ್ತು. 1911ರಲ್ಲಿ ಶುರುವಾದ ಕನ್ನಂಬಾಡಿ ಕೆಲಸ ಅವರು ದಿವಾನಗಿರಿ ಬಿಟ್ಟ ಎಷ್ಟೋ ವರ್ಷಗಳ ಮೇಲೆ ಮುಗಿಯಿತು. ನಡುವೆ, 1924ರ ಜುಲೈನಲ್ಲಿ ಕಾವೇರಿಗೆ ದೊಡ್ಡ ಪ್ರವಾಹ ಬಂತು. ಕೇರಳದಿಂದ ತಂಜಾವೂರಿನವರೆಗೆ ದಕ್ಷಿಣದ ಹೊಳೆಗಳೆಲ್ಲ ಉಕ್ಕಿದ ವರ್ಷ ಅದು. ಅರೆಕಟ್ಟಿದ ಕಟ್ಟೆ ತಡೆದುಕೊಂಡಿತು.

ಎಪ್ಪತ್ತೇಳರಲ್ಲಿ ಒಡಿಶಾಕ್ಕೆ

ಸಮುದ್ರದ ದಂಡೆಯ ಪ್ರವಾಹ ಅವರ ಮುಂದೆ ಬಂದದ್ದು ತೀರ ತಡವಾಗಿ. 1937ರಲ್ಲಿ ಒಡಿಶಾದ ಮಹಾನದಿ ಮುಖಜ ಭೂಮಿ ಮುಳುಗಿತು. ಗಾಂಧೀಜಿಯವರ ಸಲಹೆಯಂತೆ ಅಲ್ಲಿನ ಸರಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರಿಗಾಗ 77 ವರ್ಷ.

ಕಟಕ್‌ನಿಂದ ಕೆಳಗೆ ಮಹಾನದಿ ಕವಲು ಕವಲಾಗಿ ಒಡೆದು ಸಮುದ್ರ ಸೇರುತ್ತದೆ. ಬ್ರಾಹ್ಮಣಿ, ವೈತರಣಿ ನದಿಗಳೂ ಅಲ್ಲೇ ಪಕ್ಕದಲ್ಲಿ ಇಳಿಯುತ್ತವೆ. ಕವಲುಗಳ ಎರಡೂ ಬದಿಗೆ ಮಣ್ಣಿನ ಒಡ್ಡುಗಳು. ಒಡ್ಡು ಕಟ್ಟಿದರೆ ಹೊಲ ಉಳಿಯುತ್ತದೆ, ಆದರೆ ಮೊದಲು ಹೊಲದ ಮೇಲೆ ಹರಡುತ್ತಿದ್ದ ಹೂಳು ನದಿಯ ಪಾತ್ರದಲ್ಲೇ ಕೂರುತ್ತದೆ. ಪಾತ್ರ ಏರುತ್ತದೆ, ಒಡ್ಡನ್ನೂ ಏರಿಸಬೇಕು. ಕೆಲ ವರ್ಷದಲ್ಲಿ ನದಿ ಪಕ್ಕದ ಹೊಲಕ್ಕಿಂತ ಎತ್ತರದಲ್ಲಿ ಹರಿಯತೊಡಗುತ್ತದೆ. ಆಮೇಲೆ ಎಲ್ಲಿಯಾದರೂ ಒಡೆದರೆ ಗತಿ ಇಲ್ಲ. ಇತ್ತ ಸಮುದ್ರದ ಅಲೆ ಅಳಿವೆ ಬಾಯಿಗೆ ಮರಳು ತಂದು ದಿಬ್ಬ ಹಾಕುತ್ತದೆ. ನೀರು ಹೊರಗೆ ಹೋಗುವ ಬಾಗಿಲೇ ಕಿರಿದು. ಗಂಗಾವಳಿ ಅಳಿವೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1928ರಲ್ಲಿ ಒಂದು ಸಮಿತಿ ಇದನ್ನೆಲ್ಲ ನೋಡಿ, ಪ್ರವಾಹ ತಡೆಯುವ ಆಸೆ ಬಿಟ್ಟು, ನೀರನ್ನು ಬೇಗ ಸಮುದ್ರಕ್ಕೆ ಸಾಗಿಸುವುದೇ ದಾರಿ ಎಂದು ಹೇಳಿತ್ತು. ಒಡ್ಡುಗಳ ಮಟ್ಟಿಗೆ ಅದು ತಪ್ಪಲ್ಲ. ವಿಶ್ವೇಶ್ವರಯ್ಯನವರು ಅಲ್ಲಿಗೆ ನಿಲ್ಲಲಿಲ್ಲ. ಮೂಸಿಯಲ್ಲಿ ಮಾಡಿದಂತೆ ಇಲ್ಲೂ ಕಣ್ಣು ನದಿಯ ಮೇಲ್ಭಾಗಕ್ಕೆ ಹೋಯಿತು. ಮುಖಜ ಭೂಮಿಯ ಪ್ರವಾಹ ಇಳಿಸಬೇಕಾದರೆ ಮಹಾನದಿಯ ಮೇಲ್ದಂಡೆಯಲ್ಲಿ ಜಲಾಶಯ ಕಟ್ಟಬಹುದೇ ಎಂದು ಸರಿಯಾಗಿ ಸಮೀಕ್ಷೆ ಮಾಡಿಸಿ ಎಂದು ಸಲಹೆ ಕೊಟ್ಟರು. 1939ರಲ್ಲಿ ಇನ್ನೊಂದು ವರದಿ ಕೊಟ್ಟರು. ಆ ದಾರಿಯಲ್ಲೇ ಮುಂದೆ ಹಿರಾಕುಡ್ ಅಣೆಕಟ್ಟು ಬಂತು. 1957ರ ಜನವರಿಯಲ್ಲಿ ನೆಹರೂ ಅದನ್ನು ಉದ್ಘಾಟಿಸಿದಾಗ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ 96ನೇ ವಯಸ್ಸಿನಲ್ಲಿದ್ದರು. ಎರಡು ವರ್ಷ ಮೊದಲು, 1955ರಲ್ಲಿ, ಭಾರತರತ್ನ ಬಂದಿತ್ತು.

ಹಿರಾಕುಡ್ ಬಂದ ಮೇಲೂ ಒಡಿಶಾದ ದಂಡೆಯಲ್ಲಿ ಪ್ರವಾಹ ನಿಂತಿಲ್ಲ, ಒಡ್ಡು ಕಾಯುವ ಕೆಲಸವೂ ನಿಂತಿಲ್ಲ. ಅಣೆಕಟ್ಟಿಗೆ ಮುಳುಗಿದ ಹಳ್ಳಿಗಳವರ ನೋವಿನದು ಬೇರೆಯೇ ಕಥೆ. ಅದನ್ನು ಬಿಟ್ಟು ಬರೀ ಹೊಗಳಿದರೆ ಲೆಕ್ಕ ಪೂರ್ತಿ ಆಗುವುದಿಲ್ಲ.

ಕೊನೆಯ ಮಳೆಗಾಲ

1960ರ ಸೆಪ್ಟೆಂಬರ್‌ನಲ್ಲಿ ನೂರು ತುಂಬಿತು, ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು. ಬದುಕಿದ್ದಾಗಲೇ ಈ ಗೌರವ ಸಿಕ್ಕವರು ನಮ್ಮ ದೇಶದಲ್ಲಿ ಬಹಳ ಕಡಿಮೆ.

ಮರುವರ್ಷ, 1961ರ ಜುಲೈ 12ರಂದು, ಪುಣೆಯ ಮೇಲ್ಭಾಗದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಮಣ್ಣಿನ ಕಟ್ಟೆ, ಕೆಲಸ ಇನ್ನೂ ಪೂರ್ತಿ ಮುಗಿದಿರಲಿಲ್ಲ, ಆದರೂ ನೀರು ತುಂಬಲು ಬಿಟ್ಟಿದ್ದರು. ಆ ನೀರು ಕೆಳಗಿನ ಖಡಕವಾಸ್ಲಾದ ಮೇಲೆ ಬಿತ್ತು. ಐವತ್ತೆಂಟು ವರ್ಷದ ಹಿಂದೆ ಅವರು ಗೇಟು ಕೂರಿಸಿದ್ದ ಅದೇ ಖಡಕವಾಸ್ಲಾ. ಅದೂ ಒಡೆದು ನೀರು ಪುಣೆಯ ಪೇಟೆಗಳಿಗೆ ನುಗ್ಗಿತು. ಮೇಲಿನ ಕಟ್ಟೆ ಕೆಳಗಿನದನ್ನು ಕೆಡವುತ್ತದೆ ಎಂದು 1909ರಲ್ಲಿ ಮೂಸಿಯ 221 ಕೆರೆಗಳಲ್ಲಿ ಅವರು ಎಣಿಸಿದ್ದದ್ದು ಅವರ ಜೀವಿತದಲ್ಲೇ ಅವರ ಗೇಟಿನ ಊರಿಗೆ ಬಂತು.

ಒಂಬತ್ತು ತಿಂಗಳ ಮೇಲೆ, 1962ರ ಏಪ್ರಿಲ್ 14ರಂದು, ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಹುಟ್ಟೂರು ಮುದ್ದೇನಹಳ್ಳಿಯಲ್ಲಿ ನಡೆಯಿತು.